ಹಸಿರು ಶೀಟಿನ ಕೆಳಗೆ ಜಯಲತಕ್ಕನ ಮಲ್ಲಿಗೆ

ಹಾಂ, ರೆಕಾರ್ಡ್ ಆಗ್ತಾ ಉಂಟು. ಸ್ವಲ್ಪ ಉದ್ದ ಆಗ್ತದೆ, ಮಧ್ಯದಲ್ಲಿ ಟ್ರೈನ್ ಹಾರ್ನ್ ಬಂದ್ರೆ ಬೈಬೇಡಿ. ನಮ್ಮ ಬಿಲ್ಡಿಂಗ್ ಟ್ರ್ಯಾಕ್ ಪಕ್ಕದಲ್ಲೇ ಅಲ್ವಾ, ಎಂತ ಮಾಡೋದು.

ಡೊಂಬಿವಲಿಯಲ್ಲಿ ಉಡುಪಿ ಮಲ್ಲಿಗೆ ಬೆಳೆಸೋ ಹೆಂಗಸು ಯಾರು ಅಂತ ಕೇಳಿದ್ರಲ್ಲ, ಅವರು ಜಯಲತಕ್ಕ. ನಮ್ಮದೇ ಬಿಲ್ಡಿಂಗ್. ನಾವು ಮೂರನೇ ಮಾಳಿಗೆ, ಅವರು ನಮ್ಮ ಮೇಲೆ, ನಾಲ್ಕನೇದ್ರಲ್ಲಿ, ಸೀದಾ ಟೆರೇಸ್ ಕೆಳಗೆ. ಲಿಫ್ಟ್ ಇಲ್ಲ. ಅವರ ಗಂಡ ಮುಂಡಪ್ಪಣ್ಣ ನೌಪಾಡಾದ ಒಂದು ಹೋಟೆಲಲ್ಲಿ ದೋಸೆ ಹುಯ್ಯೋರು. ಒಂದು ದಿನ ಕಾವಲಿ ಮುಂದೆ ನಿಂತಲ್ಲೇ ಬಿದ್ರು. ಪಾರ್ಶ್ವವಾಯು. ಬಲಗಡೆ ಪೂರ್ತಿ ಹೋಯ್ತು, ಮಾತು ಅರ್ಧ ಹೋಯ್ತು. ಮಕ್ಕಳಿಲ್ಲ. ಹೋಟೆಲಿನವರು ಸ್ವಲ್ಪ ತಿಂಗಳು ನೋಡಿದ್ರು, ಆಮೇಲೆ ಹೋಟೆಲೇ ಮುಚ್ಚಿತು.

ಆಗ ಜಯಲತಕ್ಕ ಎಂತ ಮಾಡಿದ್ರು ಗೊತ್ತುಂಟಾ? ಕಟಪಾಡಿಯ ತಾಯಿಮನೆಗೆ ಹೋಗಿ ಮಲ್ಲಿಗೆ ಕಡ್ಡಿ ತಂದ್ರು. ಒದ್ದೆ ಬಟ್ಟೆಯಲ್ಲಿ ಸುತ್ತಿ, ಮಗುವನ್ನು ಹಿಡ್ಕೊಂಡ ಹಾಗೆ ಮಡಿಲಲ್ಲಿ ಇಟ್ಕೊಂಡು, ಟ್ರೈನಲ್ಲಿ. ಪೇಂಟಿನ ಹಳೇ ಡ್ರಮ್ಮುಗಳಲ್ಲಿ ಮಣ್ಣು ತುಂಬಿಸಿ ಟೆರೇಸ್ ಮೂಲೆಯಲ್ಲಿ, ಅವರ ಬೆಡ್‌ರೂಮಿನ ಸರಿ ಮೇಲೆ, ಸಾಲಾಗಿ ನೆಟ್ರು. ಬಿಲ್ಡಿಂಗಿನ ಸೊಸೈಟಿಯವರು ಹೂಂ ಅಂದ್ರು. ಒಂದೇ ಷರತ್ತು, ಗಣಪತಿಗೂ ಸತ್ಯನಾರಾಯಣ ಪೂಜೆಗೂ ಹೂ ಫ್ರೀ.

ಅದೆಲ್ಲಿ ಹಿಡೀತದೆ ಈ ಹವೆಯಲ್ಲಿ ಅಂತ ಎಲ್ಲರೂ ನಕ್ಕಿದ್ರು. ಹಿಡೀತು ಮಾರಾಯ್ರೆ! ಎರಡು ವರ್ಷದಲ್ಲಿ ಟೆರೇಸ್ ಬಾಗಿಲು ತೆಗೆದ್ರೆ ಘಮ್ ಅಂತಿತ್ತು. ಊರಿಂದ ಬಸ್ಸಲ್ಲಿ ಬರೋ ಮಲ್ಲಿಗೆ ಐಸಲ್ಲಿ ಕೂತು ಕೂತು ಇಲ್ಲಿಗೆ ಮುಟ್ಟುವಾಗ ಅಂಚು ಕಂದು ಆಗಿರ್ತದೆ. ಇವರದ್ದು ಬೆಳಿಗ್ಗೆ ಮೊಗ್ಗಲ್ಲೇ ಕಿತ್ತು, ಬಾಳೆನಾರಲ್ಲಿ ಕಟ್ಟಿ, ಚೆಂಡು ಮಾಡಿ, ಮಧ್ಯಾಹ್ನಕ್ಕೆ ಮದುಮಗಳ ತಲೆಯಲ್ಲಿ. ಥಾಣೆ, ವರ್ತಕ ನಗರ, ನೆರೂಲ್, ಎಲ್ಲಾ ಕಡೆಯಿಂದ ಮದುಮಗಳ ಅಮ್ಮಂದಿರ ಫೋನು. ಆ ಹೂವಿನಲ್ಲೇ ಇವರ ಒಲೆ ಉರಿಯೋದು, ಮುಂಡಪ್ಪಣ್ಣನ ಔಷಧಿ ಬರೋದು. ಬೇರೆ ಎಂತದೂ ಇಲ್ಲ. ಇದು ನೆನಪಿಟ್ಕೊಳ್ಳಿ.

ಮತ್ತೆ ಅವರ ಬಾಯಿ! ಗಿಡಗಳ ಹತ್ರ ಮಾತಾಡೋದು ನೀವು ಕೇಳಬೇಕಿತ್ತು. "ಏ ಮೂಲೆಯವಳೇ, ಆಚೆಮನೆಯವಳು ಮಡಿಲು ತುಂಬಾ ಕೊಟ್ಟಳು, ನಿಂಗೆ ಎಂತ ದಾಡಿ? ನೀರು ಕುಡೀಲಿಕ್ಕೆ ಮಾತ್ರ ಮುಂದೆ!" ನಾನು ಬಟ್ಟೆ ಒಣಗಿಸ್ಲಿಕ್ಕೆ ಹೋದ್ರೆ ನಂಗೂ ಸೇರಿಸಿ ಬೈಗುಳ. "ನಿಶ್ಮೀ, ನಿನ್ನ ಬೆಡ್‌ಶೀಟ್ ನನ್ನ ಸೊಸೆಯಂದಿರ ಮುಖಕ್ಕೆ ಅಡ್ಡ ಬಂತು, ತೆಗಿ ಅತ್ಲಾಗೆ!"

ನಗೋದು ಇಲ್ಲಿಗೆ ಮುಗೀತು ನೋಡಿ.

ಎರಡು ಸಾವಿರದ ಹದಿಮೂರರ ಮಳೆಗಾಲ. ನಮ್ಮ ಕಡೆ ಬಿಲ್ಡಿಂಗುಗಳು ಗೊತ್ತುಂಟಲ್ಲ, ಟೆರೇಸ್ ಅಂದ್ರೆ ಜರಡಿ. ವಾಟರ್‌ಪ್ರೂಫಿಂಗ್ ಮಾಡಿಸಿದ್ದು ಎರಡು ಮಳೆಗೆ ನಿಲ್ಲಲಿಲ್ಲ. ಜಯಲತಕ್ಕನ ಬೆಡ್‌ರೂಮಲ್ಲಿ ಬಕೆಟ್, ತಪ್ಪಲೆ, ಚರಿಗೆ, ಎಲ್ಲದ್ರಲ್ಲೂ ಟಪ್ ಟಪ್. ಒಂದು ದಿನ ಇವರು ಥಾಣೆಗೆ ಹೂ ಕೊಡ್ಲಿಕ್ಕೆ ಹೋಗಿದ್ರು. ಟ್ರ್ಯಾಕಲ್ಲಿ ನೀರು, ಲೋಕಲ್ ನಿಂತಿತು. ವಾಪಸ್ ಬಂದು ಬಾಗಿಲು ತೆಗೆದ್ರೆ ಸೀಲಿಂಗಿನ ಒಂದು ತುಂಡು ಬಿದ್ದು, ನೀರು ಸೀದಾ ಮುಂಡಪ್ಪಣ್ಣನ ಎದೆ ಮೇಲೆ ಸುರೀತಾ ಉಂಟು. ಪಾಪ ಅವರಿಗೆ ಸರೀಲಿಕ್ಕೆ ಆಗೋದಿಲ್ಲ, ಕೂಗ್ಲಿಕ್ಕೆ ಆಗೋದಿಲ್ಲ. ಮಲಗಿದಲ್ಲೇ ನೆನೆದು, ತುಟಿ ನೀಲಿಯಾಗಿ, ಕಣ್ಣು ಮಾತ್ರ ಬಾಗಿಲ ಕಡೆ. ಆಮೇಲೆ ನ್ಯುಮೋನಿಯಾ. ಬದುಕಿದ್ದೇ ದೊಡ್ಡದು.

ಅವರು ಆಸ್ಪತ್ರೆಯಿಂದ ಬಂದ ದಿನವೇ ಜಯಲತಕ್ಕ ಸೀದಾ ದೇವದಾಸಣ್ಣನ ಮನೆಗೆ ಹೋದ್ರು. ದೇವದಾಸಣ್ಣ ಅಂದ್ರೆ ನಮ್ಮ ಸೊಸೈಟಿ ಸೆಕ್ರೆಟರಿ, ಅವರೂ ಉಡುಪಿ ಕಡೆಯವರೇ, ಕಲ್ಯಾಣದಲ್ಲಿ ಕ್ಯಾಟರಿಂಗ್ ಇದೆ, ಹೊಟ್ಟೆಯೂ ಇದೆ, ಮನಸ್ಸೂ ಇದೆ.

"ಟೆರೇಸಿಗೆ ಮಾಡು ಹಾಕ್ಸಿ ಅಣ್ಣಾ. ಇಲ್ಲಾಂದ್ರೆ ಮುಂದಿನ ಮಳೆಗೆ ಇವರನ್ನು ನೀವೇ ಹೊತ್ಕೊಂಡು ಹೋಗ್ಬೇಕು."

ಬಾಗಿಲಲ್ಲೇ ಕೂತು ಅತ್ತರು. ವರ್ಷಗಟ್ಟಲೆ ಬರೀ ಚರ್ಚೆಯಲ್ಲಿದ್ದ ಕೆಲಸ ಆ ಅಳುವಿಗೆ ಓಡಿತು. ಮುಂದಿನ ಮೇ ತಿಂಗಳಲ್ಲಿ ಕಬ್ಬಿಣದ ಪೈಪು, ಮೇಲೆ ತಗಡಿನ ಪತ್ರಾ, ಇಡೀ ಟೆರೇಸಿಗೆ ಶೆಡ್. ಮಳೆಯಲ್ಲೂ ಮಕ್ಕಳ ಕ್ರಿಕೆಟ್, ನಮ್ಮ ಹಪ್ಪಳ, ಎಲ್ಲರಿಗೂ ಖುಷಿ. ಜಯಲತಕ್ಕ ಎಲ್ಲಾ ಮನೆಗೂ ಪಾಯಸ ಹಂಚಿದ್ರು. ಆ ಮಳೆಗಾಲ ಮುಂಡಪ್ಪಣ್ಣನ ಹಾಸಿಗೆಗೆ ಒಂದು ಹನಿ ಬೀಳಲಿಲ್ಲ.

ಗಿಡ? ಗಿಡಕ್ಕೆ ಎಂತ ಆಗ್ತದೆ ಅಂತ ಯಾರಿಗೆ ತಲೆಗೆ ಬರ್ಬೇಕು? ಮಳೆಗಾಲದಲ್ಲಿ ಹೇಗೂ ಹೂ ಕಡಿಮೆ. ಮೇಲಾಗಿ ಗಿಡ ಬೆಳೀತಾ ಇತ್ತು! ನಿಜಕ್ಕೂ. ಸದಾ ಮೊಣಕಾಲೆತ್ತರ ಇರೋ ಪೊದೆ, ಶೆಡ್ಡಿನ ಕೆಳಗೆ ಹೆಗಲೆತ್ತರ ಬಂತು. ತೆಳ್ಳಗೆ, ಉದ್ದಕ್ಕೆ, ಗೆಣ್ಣು ಗೆಣ್ಣು ದೂರ ದೂರ, ಎಲ್ಲಾ ಒಂದೇ ಕಡೆ ವಾಲಿ, ಕಟ್ಟೆಯಾಚೆ ಕುತ್ತಿಗೆ ಚಾಚಿದ ಹಾಗೆ.

"ಎಂತ ಅಕ್ಕಾ, ನಿಮ್ಮ ಸೊಸೆಯಂದಿರು ಕಾಂಪ್ಲಾನ್ ಕುಡೀತಾರಾ?" ಅಂತ ಎರಡನೇ ಮಾಳಿಗೆಯ ವಿನೋದಕ್ಕ ತಮಾಷೆ ಮಾಡಿದ್ರು.

"ನಿಮ್ಮ ದೃಷ್ಟಿ ತಾಗೋದು ಬೇಡ, ಥೂ ಥೂ," ಅಂತ ಜಯಲತಕ್ಕ ನಕ್ಕರು. ಒಳಗೊಳಗೆ ಹೆಮ್ಮೆ.

ಚೌತಿ ಬಂತು, ಮೊಗ್ಗಿಲ್ಲ. ನವರಾತ್ರಿ ಹತ್ರ ಬಂತು, ಮೊಗ್ಗಿಲ್ಲ. ಫೋನ್ ಬರೋದು, ಇವರು "ಈ ಸಲ ಇಲ್ಲ, ಮುಂದಿನ ವಾರ ನೋಡುವಾ" ಅನ್ನೋದು. ಎರಡು ಸಲ ಹೇಳಿದ್ರೆ ಮೂರನೇ ಸಲ ಫೋನೇ ಬರೋದಿಲ್ಲ, ಅಲ್ವಾ?

ಆಗ ಶುರುವಾಯ್ತು ನೋಡಿ ತಿನ್ನಿಸೋದು. ನಮ್ಮವರ ಬುದ್ಧಿ ಅದೇ. ಮನೆಯಲ್ಲಿ ಯಾರು ಸೊರಗಿದ್ರೂ ಮೊದಲ ಪ್ರಶ್ನೆ, "ಹೊಟ್ಟೆಗೆ ಎಂತ ಕೊಡ್ತೀರಿ?" ಮೀನು ತೊಳೆದ ನೀರು ಹಾಕಿದ್ರು. ಕಲ್ಯಾಣದ ಎಮ್ಮೆ ತಬೇಲಾದಿಂದ ಸೆಗಣಿ ಹೊತ್ತು ತಂದ್ರು. ನೆಲಗಡಲೆ ಹಿಂಡಿ ನೆನೆಸಿ ಹಾಕಿದ್ರು. ಅಕ್ಕಿ ತೊಳೆದ ನೀರು ದಿನಾ. ಬೂತಾಯಿ ಮೀನಿನ ತಲೆಗಳನ್ನು ಬುಡದಲ್ಲಿ ಹೂತರು, ಬೆಕ್ಕುಗಳು ಬಂದು ಅಗೆದುವು, ಬೆಕ್ಕಿನ ಹಿಂದೆ ಸೊಸೈಟಿ ಚೇರ್‌ಮನ್ ಬಂದು "ಟೆರೇಸಾ, ಮಚ್ಛಿ ಮಾರ್ಕೆಟ್ಟಾ?" ಅಂತ ಬೊಬ್ಬೆ. ಮೆಣಸು ನಿಂಬೆ ಕಟ್ಟಿದ್ರು. ದೈವಕ್ಕೆ ಹರಕೆ ಹೇಳಿದ್ರು. ತಮಗೆ ಗಂಜಿ ಚಟ್ನಿ, ಗಿಡಕ್ಕೆ ಹಿಂಡಿ. ಒಂದು ದಿನ ನಾನು ಹೋದಾಗ ಗಿಡದ ಬುಡದಲ್ಲಿ ಕೂತಿದ್ರು, ಬೈಗುಳ ಇಲ್ಲ, ಎರಡು ಕೈಯಲ್ಲೂ ಮಣ್ಣು.

"ಎಷ್ಟು ಹಾಕಿದ್ರೂ ತಿನ್ನೋದಿಲ್ಲ ನಿಶ್ಮೀ. ಇವರ ಹಾಗೇ ಬಾಯಿ ಕಚ್ಚಿ ಮಲಗಿದ್ದಾವೆ."

ಅಷ್ಟರಲ್ಲಿ ಮುಂಡಪ್ಪಣ್ಣನ ತಂಗಿ ಸುಗುಣಾ ಬಂದ್ರು, ಕಲ್ಯಾಣದಿಂದ. ಅವರೇ ಒಂದು ದಾರಿ ಹುಡುಕಿದ್ರು. ವಾಶಿಯಲ್ಲಿ ಒಂದು ಶ್ರೀಮಂತರ ಮನೆ, ಅಡಿಗೆಗೆ ನಮ್ಮ ಕಡೆಯ ಹೆಂಗಸು ಬೇಕು, ಅಲ್ಲೇ ಉಳೀಬೇಕು, ತಿಂಗಳಿಗೊಮ್ಮೆ ರಜೆ.

"ಮತ್ತೆ ಇವರು?" ಅಂತ ಜಯಲತಕ್ಕ.

"ಅಣ್ಣ ನಮ್ಮಲ್ಲಿ ಇರ್ಲಿ. ಬಾಲ್ಕನಿ ಕಟ್ಟಿಸಿ ರೂಮ್ ಮಾಡಿದ್ದೇವಲ್ಲ. ಮಗ್ಗುಲು ಬದಲಿಸ್ಲಿಕ್ಕೆ ನಂಗೆ ಆಗೋದಿಲ್ಲ ಅತ್ತಿಗೆ, ಸೊಂಟ ಇಲ್ಲ, ಆದ್ರೆ ಅನ್ನ ಹಾಕ್ತೇನೆ."

ಮಗ್ಗುಲು ಬದಲಿಸದಿದ್ರೆ ಬೆನ್ನು ಹುಣ್ಣಾಗ್ತದೆ ಅಂತ ಆ ರೂಮಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಮುಂಡಪ್ಪಣ್ಣನಿಗೂ. ಅವರು ಗೋಡೆ ಕಡೆ ನೋಡಿದ್ರು. ಜಯಲತಕ್ಕ ಕೊನೆಗೆ ಹೇಳಿದ್ರು, "ಮದುವೆ ಸೀಸನ್ ಶುರು ಆಗೋವರೆಗೆ ನೋಡ್ತೇನೆ. ಮೊಗ್ಗು ಬಂದ್ರೆ ಇಲ್ಲೇ. ಬರದಿದ್ರೆ ವಾಶಿ."

ನವರಾತ್ರಿ ಕಳೆದ ಮೇಲೆ ಸೊಸೈಟಿ ಮೀಟಿಂಗ್, ಅದೇ ಶೆಡ್ಡಿನ ಕೆಳಗೆ. ಇವರು ಎದ್ದು ನಿಂತ್ರು.

"ಗಿಡಕ್ಕೆ ಕತ್ತಲೆ ಆಗ್ತದೆ. ನನ್ನ ಮೂಲೆಗೆ ಸ್ವಲ್ಪ ಬೆಳಕು ಮಾಡಿ ಕೊಡಿ."

ಕತ್ತಲೆ ಅಂತ ಅವರಿಗೆ ಆಗಲೇ ಅನಿಸಿತ್ತು, ನೋಡಿ. ಆದ್ರೆ ಮಾಡು ತೆಗೀರಿ ಅನ್ಲಿಕ್ಕೆ ಬಾಯಿ ಇಲ್ಲ. ಅತ್ತು ಹಾಕಿಸಿದ್ದು ಅವರೇ.

ದೇವದಾಸಣ್ಣ ಒಪ್ಪಿದ್ರು. ಪಾಪ, ಸ್ವಂತ ಖರ್ಚಲ್ಲಿ. ಮೂಲೆಯ ತಗಡುಗಳನ್ನು ತೆಗೆಸಿ ಬೆಳಕು ಹಾಯೋ ಫೈಬರ್ ಶೀಟ್ ಹಾಕಿಸಿದ್ರು. ಯಾವ ಬಣ್ಣ? ಹಸಿರು!

"ಅಂಗಡಿಯವ ಬಿಳಿ ಕೊಡ್ತೇನೆ ಅಂದ. ನಾನು ಬೇಡ ಅಂದೆ. ಗಿಡಕ್ಕೆ ಹಸಿರೇ ಸರಿ. ನರ್ಸರಿಯಲ್ಲಿ ನೋಡಿಲ್ವಾ, ಎಲ್ಲಾ ಹಸಿರು ನೆಟ್ಟೇ ಕಟ್ಟೋದು!"

ನಾವೆಲ್ಲ ಹೌದು ಹೌದು ಅಂದೆವು. ಲಾಜಿಕ್ ಎಷ್ಟು ಸರಿ ಕೇಳ್ತದೆ ನೋಡಿ. ನೆಟ್ಟಲ್ಲಿ ತೂತು ಇರ್ತದೆ, ಬಿಸಿಲು ಬಿಸಿಲಾಗಿಯೇ ಒಳಗೆ ಬರ್ತದೆ, ಅದು ಯಾರಿಗೂ ಹೊಳೀಲಿಲ್ಲ.

ಮತ್ತೆ ಶೀಟ್ ಹಾಕಿದ ದಿನ ಆ ಮೂಲೆ ನೋಡಬೇಕಿತ್ತು! ಮಧ್ಯಾಹ್ನದ ಬಿಸಿಲಿಗೆ ಇಡೀ ಜಾಗ ಪಚ್ಚೆ ಪಚ್ಚೆ. ಎಲೆಗಳು ಈಗ ತಾನೇ ಚಿಗುರಿದ ಹಾಗೆ ಹೊಳೆಯೋದು. ವಿನೋದಕ್ಕ ಫೋಟೋ ತೆಗೆದ್ರು. ಜಯಲತಕ್ಕ ಕೈ ಮುಗಿದ್ರು ದೇವದಾಸಣ್ಣನಿಗೆ. ದಿನಾ ಹೋಗಿ ನೋಡೋದು, "ಬಣ್ಣ ಬಂತು, ಬಣ್ಣ ಬಂತು, ಇನ್ನು ಮೊಗ್ಗು ಬರ್ತದೆ" ಅನ್ನೋದು. ನವೆಂಬರ್ ಹೋಯ್ತು, ಡಿಸೆಂಬರ್ ಹೋಯ್ತು. ಎಲೆ ಉದುರ್ತಿತ್ತು, ಚಳಿಗೆ ಅಂದ್ರು. ಗುಡಿಸಿ ಹಾಕೋದು, ಮತ್ತೆ ಹಿಂಡಿ ಹಾಕೋದು. ಡ್ರಮ್ಮಿನಿಂದ ಹುಳಿ ವಾಸನೆ ಬರ್ಲಿಕ್ಕೆ ಶುರುವಾಗಿತ್ತು.

ನಾನಾಗ ಕಲ್ಯಾಣದ ಕಾಲೇಜಲ್ಲಿ ಇಲೆವೆಂತ್ ಸೈನ್ಸ್. ಜನವರಿಯಲ್ಲಿ ಬಯಾಲಜಿ ಪ್ರ್ಯಾಕ್ಟಿಕಲ್, ಮನೆಯಿಂದ ಯಾವುದಾದ್ರೂ ಎಲೆ ತನ್ನಿ ಅಂದಿದ್ರು. ಜಯಲತಕ್ಕನ ಹತ್ರ ಕೇಳಿದೆ. ಅವರೂ ಅದೇ ದಿನ ಕಲ್ಯಾಣಕ್ಕೆ ಹೊರಟಿದ್ರು, ಸುಗುಣನ ಮನೆಯಲ್ಲಿ ಮುಂಡಪ್ಪಣ್ಣನಿಗೆ ಜಾಗ ನೋಡ್ಲಿಕ್ಕೆ. ಅಂದ್ರೆ ಒಳಗಿಂದ ಸೋತಾಗಿತ್ತು. ಮನೆಯಲ್ಲಿ ವಿನೋದಕ್ಕನನ್ನು ಕೂರಿಸಿ ಬಂದಿದ್ರು. ಎಲೆಗಳನ್ನು ಅವರೇ ಕಿತ್ತು, ಒದ್ದೆ ಕರ್ಚೀಫಲ್ಲಿ ಸುತ್ತಿ ಹಿಡ್ಕೊಂಡ್ರು.

ಪ್ಲಾಟ್‌ಫಾರ್ಮಲ್ಲಿ ನಿಂತಿದ್ದೇವೆ, ಬೆಳಗಿನ ಬಿಸಿಲು ಮೈಮೇಲೆ. "ಬಾಡಿತಾ ನೋಡುವಾ" ಅಂತ ಕರ್ಚೀಫ್ ಬಿಚ್ಚಿದ್ರು. ಬಿಚ್ಚಿ ಹಾಗೇ ನಿಂತ್ರು.

"ಇದು ಯಾರ ಎಲೆ?"

ಹಣ್ಣು ವೀಳ್ಯದೆಲೆ ಇರ್ತದಲ್ಲ, ಆ ಹಳದಿ. ನರ ಮಾತ್ರ ಚೂರು ಹಸಿರು.

"ಈಗ ಕಿತ್ತದ್ದಲ್ವಾ ಅಕ್ಕಾ?"

"ಈಗ ಕಿತ್ತದ್ದೇ. ಅಲ್ಲಿ ಹಸಿರಿತ್ತು. ನೀನೂ ನೋಡಿದ್ದೀ ನಿಶ್ಮೀ, ಅಲ್ಲಿ ಪಚ್ಚೆ ಇತ್ತು!"

ಇತ್ತು. ಆ ಶೀಟಿನ ಕೆಳಗೆ ಎಲ್ಲವೂ ಪಚ್ಚೆಯೇ. ನನ್ನ ಬಿಳಿ ಚೂಡಿದಾರ್ ಕೂಡ ಪಚ್ಚೆ. ಹಳದಿ ಬಿದ್ದ ಗಿಡಕ್ಕೆ ಮೂರು ತಿಂಗಳಿಂದ ನಾವೆಲ್ಲ ಸೇರಿ ಹಸಿರು ಬೆಳಕು ಬಳಿದು, ಚೆಂದ ಉಂಟು ಅಂತ ಹೇಳ್ತಾ ಇದ್ದೆವು. ಟ್ರೈನ್ ಬಂತು, ಹೋಯ್ತು, ಇವರು ಹತ್ತಲೇ ಇಲ್ಲ. ಎಲೆ ಹಿಡ್ಕೊಂಡು ಬೆಂಚಲ್ಲಿ ಕೂತ್ರು. ಸುತ್ತ ಜನ ನೂಕಾಡ್ತಾ ಇದ್ದಾರೆ, ಇವರಿಗೆ ಗೊತ್ತೇ ಇಲ್ಲ. ನಾನು ಮುಂದಿನ ಲೋಕಲ್‌ಗೆ ಎಳೆದು ಹತ್ತಿಸಿ, ಸುಗುಣನ ಮನೆಗೆ ಬಿಡದೆ ಸೀದಾ ಕಾಲೇಜಿಗೆ ಕರ್ಕೊಂಡು ಹೋದೆ.

ನಮ್ಮ ಬಯಾಲಜಿ ಮೇಡಂ ಶರ್ಮಿಳಾ ಅಂತ, ಕುಂದಾಪುರದವರು. ಕನ್ನಡ ಕೇಳಿದ್ರೆ ಅವರಿಗೆ ಅರ್ಧ ಊರು ಸಿಕ್ಕಿದ ಹಾಗೆ. ಲ್ಯಾಬಲ್ಲಿ ಸ್ಟೂಲ್ ಕೊಟ್ಟು ಕೂರಿಸಿದ್ರು. ಎಲೆ ನೋಡಿ ಕೇಳಿದ್ರು, "ಎಲ್ಲಿ ಇಟ್ಟಿದ್ದೀರಿ ಇದನ್ನು?" ನಾನು ಎಲ್ಲಾ ಹೇಳಿದೆ. ಶೆಡ್, ಹಿಂಡಿ, ಮೀನು ನೀರು, ಹಸಿರು ಶೀಟ್. ಮೇಡಂ ಜಯಲತಕ್ಕನ ಚೀಲದಲ್ಲಿದ್ದ ಊಟದ ಡಬ್ಬಿ ನೋಡಿದ್ರು.

"ನಿಮ್ಮ ಡಬ್ಬಿಯಲ್ಲಿ ಎಂತ ಉಂಟು ಅಮ್ಮಾ?"

"ಅನ್ನ. ಗಂಜಿ ಬಸಿದ ಅನ್ನ."

ಮೇಡಂ ಒಂದು ಚಮಚ ಅನ್ನ ತಟ್ಟೆಗೆ ಹಾಕಿ, ಅದರ ಮೇಲೆ ಅಯೋಡಿನ್ ಹನಿ ಬಿಟ್ರು. ಅನ್ನ ಕಡು ನೀಲಿ, ಕಪ್ಪು ಅಂತಲೇ ಹೇಳಿ.

"ಅಯ್ಯೋ, ನನ್ನ ಅನ್ನ ಯಾಕೆ ಹಾಳು ಮಾಡಿದ್ರಿ?"

"ಬಸಿದ್ರೂ ಅನ್ನದಲ್ಲಿ ಗಂಜಿ ಉಳೀತದೆ, ಪಿಷ್ಟ ಅಂತಾರೆ. ಅದು ಎಲ್ಲಿ ಇದ್ರೂ ಈ ಔಷಧಿ ತಾಗಿದ್ರೆ ಹೀಗೆ ಕಪ್ಪಾಗ್ತದೆ ಅಮ್ಮಾ. ಈಗ ಇದು ನೋಡಿ."

ಕಾಲೇಜ್ ಕಂಪೌಂಡಿನ ದಾಸವಾಳದ ಒಂದು ಎಲೆ, ಜಯಲತಕ್ಕನ ಮಲ್ಲಿಗೆಯ ಒಂದು ಎಲೆ. ಎರಡನ್ನೂ ಕುದಿಸಿ, ಸ್ಪಿರಿಟ್ಟಲ್ಲಿ ಬಿಸಿ ಮಾಡಿ ಬಣ್ಣ ಪೂರ್ತಿ ತೆಗೆದ್ರು. ಎರಡೂ ಬೆಳ್ಳಗೆ, ನೆನೆದ ಕಾಗದದ ಹಾಗೆ. ಅಯೋಡಿನ್ ಬಿಟ್ರು. ದಾಸವಾಳ ನಮ್ಮ ಕಣ್ಣೆದುರೇ ಕಪ್ಪಾಯ್ತು, ಅನ್ನದ ಹಾಗೇ. ಮಲ್ಲಿಗೆ ಎಲೆ ಹಾಗೇ ಕೂತಿತು. ಔಷಧಿಯ ಕಂದು ಬಣ್ಣ ಮಾತ್ರ. ನಾವು ಕಾದೆವು. ಒಂದು ಅಂಚಲ್ಲಿ ಹೊಗೆ ತಾಗಿದಷ್ಟು ನೀಲಿ, ಅಷ್ಟೇ.

"ಇದರಲ್ಲಿ ಗಂಜಿ ಇಲ್ಲ," ಅಂದ್ರು ಜಯಲತಕ್ಕ. ಯಾರೂ ಹೇಳಿಕೊಡ್ಲಿಲ್ಲ, ಅವರೇ ಅಂದ್ರು. ಆಮೇಲೆ ಮೇಡಂ ಕಡೆ ತಿರುಗಿ, "ನಾನು ಅಷ್ಟು ಹಾಕಿದ್ದು ಎಲ್ಲಿ ಹೋಯ್ತು ಹಾಗಾದ್ರೆ?"

ಮೇಡಂ ಹತ್ತಿರ ಕೂತು ಹೇಳಿದ್ರು. ಅವರು ಹೇಳಿದ್ದು ನಂಗೆ ಪುಸ್ತಕಕ್ಕಿಂತ ಚೆನ್ನಾಗಿ ನೆನಪುಂಟು.

"ಹಿಂಡಿ, ಸೆಗಣಿ ಎಲ್ಲಾ ಗಿಡಕ್ಕೆ ಉಪ್ಪು ಹುಳಿ ಇದ್ದ ಹಾಗೆ. ಬೇಕು. ಆದ್ರೆ ಬರೀ ಉಪ್ಪು ಹುಳಿ ತಿಂದು ಬದುಕ್ಲಿಕ್ಕೆ ಆಗ್ತದಾ? ಅಕ್ಕಿ ಬೇರೆಯೇ. ಅದನ್ನು ಗಿಡ ತಾನೇ ಮಾಡ್ಬೇಕು. ಎಲೆ ಒಳಗೆ ಹಸಿರು ಉಂಟಲ್ಲ, ಅದೇ ಅಡಿಗೆಮನೆ. ಬೇರಿಂದ ನೀರು ತಗೊಳ್ತದೆ, ಗಾಳಿಯಿಂದ ಇಂಗಾಲದ ಡೈಆಕ್ಸೈಡ್ ತಗೊಳ್ತದೆ, ನಾವು ಮೂಗಿಂದ ಬಿಡ್ತೇವಲ್ಲ, ಅದು. ಎರಡನ್ನೂ ಸೇರಿಸಿ ಸಕ್ಕರೆ ಮಾಡ್ತದೆ, ಮಿಕ್ಕಿದ್ದನ್ನು ಗಂಜಿ ಮಾಡಿ ಇಟ್ಕೊಳ್ತದೆ. ಒಲೆ ಉರೀಲಿಕ್ಕೆ ಬಿಸಿಲು ಬೇಕು. ಬಿಸಿಲಿಲ್ಲದಿದ್ರೆ ಒಲೆ ಇಲ್ಲ. ನೀವು ಒಲೆ ಆರಿದ ಮನೆಗೆ ದಿನಾ ಉಪ್ಪು ಕಳಿಸಿದ್ದೀರಿ."

"ಮತ್ತೆ ಎತ್ತರ ಬೆಳೆಯಿತಲ್ಲ?"

"ಬೆಳೆದದ್ದಲ್ಲ ಅಮ್ಮಾ, ಹುಡುಕಿದ್ದು. ಕತ್ತಲೆಯಲ್ಲಿ ಗಿಡಕ್ಕೆ ಒಂದೇ ಆಸೆ, ಮೇಲೆಲ್ಲೋ ಬೆಳಕು ಇರಬಹುದು ಅಂತ. ಬೇರು ಕಾಂಡದಲ್ಲಿ ಕೂಡಿಟ್ಟ ಗಂಜಿಯನ್ನೆಲ್ಲ ಖರ್ಚು ಮಾಡಿ ಕುತ್ತಿಗೆ ಉದ್ದ ಮಾಡಿತು. ಅದಕ್ಕೂ ನಮ್ಮ ಹಾಗೇ ಹಗಲೂ ರಾತ್ರಿ ಉಸಿರಾಟ ಉಂಟು, ಉಸಿರಾಡುವಾಗ ಸಕ್ಕರೆ ಉರೀತದೆ. ಆದಾಯ ಇಲ್ಲ, ಖರ್ಚು ನಿಲ್ಲೋದಿಲ್ಲ."

ಜಯಲತಕ್ಕ ಸೆರಗು ಬಾಯಿಗೆ ಒತ್ತಿಕೊಂಡ್ರು. ಆ ಕೊನೇ ಮಾತು ಗಿಡದ್ದಾ ಮನೆದ್ದಾ, ಅವರಿಗೆ ಬೇರೆ ಹೇಳೋದು ಬೇಕಿರಲಿಲ್ಲ.

"ಶೀಟ್ ಹಾಕಿದ್ರಲ್ಲ ಮೇಡಂ," ಅಂದೆ ನಾನು. "ಬೆಳಕು ಬರ್ತದಲ್ಲ."

"ಎಲೆ ಹಸಿರು ಕಾಣೋದು ಯಾಕೆ ಹೇಳು? ಬಿಸಿಲಲ್ಲಿ ಎಲ್ಲಾ ಬಣ್ಣ ಉಂಟು. ಕೆಂಪನ್ನೂ ನೀಲಿಯನ್ನೂ ಎಲೆ ನುಂಗ್ತದೆ, ಅದರಲ್ಲೇ ಒಲೆ ಉರಿಯೋದು. ಹಸಿರನ್ನು ಅಷ್ಟು ತಗೊಳ್ಳೋದಿಲ್ಲ, ಒಂದು ಪಾಲು ವಾಪಸ್ ಎಸೀತದೆ. ಆ ಎಸೆದದ್ದೇ ನಮ್ಮ ಕಣ್ಣಿಗೆ ಹಸಿರು. ಹಸಿರು ಶೀಟ್ ಎಂತ ಮಾಡ್ತದೆ? ಕೆಂಪು ನೀಲಿ ತಾನೇ ತಡೆದು, ಹಸಿರನ್ನು ಮಾತ್ರ ಒಳಗೆ ಬಿಡ್ತದೆ. ಗಿಡ ತಟ್ಟೆಯಲ್ಲಿ ಬಿಟ್ಟೆದ್ದ ಎಂಜಲನ್ನೇ ತಂದು ಮತ್ತೆ ಬಡಿಸಿದ ಹಾಗೆ."

ಆಮೇಲೆ ಜಯಲತಕ್ಕ ಕೇಳಿದ್ರು, "ನಾವು ತಿನ್ನೋದು? ಅದೂ ಬಿಸಿಲೇನಾ?"

"ಎಲ್ಲಾ ಬಿಸಿಲೇ. ಈ ಅನ್ನ ಯಾವುದೋ ಗದ್ದೆಯ ಬಿಸಿಲು. ಬೂತಾಯಿ ಕೂಡ, ಸಮುದ್ರದಲ್ಲಿ ತೇಲೋ ಸಣ್ಣ ಸಣ್ಣ ಪಾಚಿಯ ಬಿಸಿಲು. ಗಿಡಕ್ಕೆ ಸೀದಾ ಸಿಗ್ತದೆ, ನಮಗೆ ಅದರ ಕೈಯಿಂದ. ಬೇರೆ ವ್ಯತ್ಯಾಸ ಇಲ್ಲ."

"ಉಳಿಸ್ಲಿಕ್ಕೆ ಆಗ್ತದಾ?"

ಮೇಡಂ ಸುಳ್ಳು ಹೇಳಲಿಲ್ಲ. "ಕೆಲವು ಸಾಯ್ತಾವೆ. ಬೇರು ಕೊಳೆತವು ಹೋದ ಹಾಗೇ. ಉಳಿದದ್ದನ್ನು ಬುಡದ ಹತ್ರ ಕತ್ತರಿಸಿ. ಆ ಉದ್ದ ಕಡ್ಡಿಗಳಿಗೆ ಅನ್ನ ಹಾಕ್ಲಿಕ್ಕೆ ಗಿಡದ ಕೈಯಲ್ಲಿ ಆಗೋದಿಲ್ಲ. ಹಿಂಡಿ ನಿಲ್ಲಿಸಿ. ಮತ್ತೆ ಬಿಸಿಲು. ಬಿಳಿ ಶೀಟ್ ಹಾಕಿದ್ರೆ ಜೀವ ಹಿಡೀಬಹುದು. ಹೂ ಬೇಕಾದ್ರೆ ಆಕಾಶವೇ ಬೇಕು."

ಆಕಾಶ! ಆ ಮಾಡಿನ ಕೆಳಗೆ ಅವರ ಗಂಡನ ಹಾಸಿಗೆ.

ಡ್ರಮ್ಮು ಬೇರೆ ಕಡೆ ಇಡಬಹುದಿತ್ತಲ್ಲ ಅಂತ ನೀವು ಕೇಳ್ತೀರಿ. ಎಲ್ಲಿಡೋದು? ಕೆಳಗೆ ಬಿಲ್ಡಿಂಗ್ ಬಿಲ್ಡಿಂಗ್ ಮಧ್ಯೆ ಕೈ ಚಾಚಿದ್ರೆ ಆಚೆಯವರ ಕಿಟಕಿ, ಬಿಸಿಲು ನೆಲ ಮುಟ್ಟೋದೇ ಇಲ್ಲ. ನೀರಿನ ಟ್ಯಾಂಕ್ ಮೇಲೆ ಇಡ್ಲಿಕ್ಕೆ ಬಿಡೋದಿಲ್ಲ. ಇದ್ದದ್ದು ಆ ಮೂಲೆ ಒಂದೇ.

ಆ ಭಾನುವಾರ ಶೆಡ್ಡಿನ ಕೆಳಗೆ ಕಮಿಟಿಯವರು ಸೇರಿದ್ರು. ಜಯಲತಕ್ಕ ಹಳದಿ ಎಲೆ ತಂದು ದೇವದಾಸಣ್ಣನ ಕೈಯಲ್ಲಿಟ್ಟು, ಕಟ್ಟೆ ಹತ್ರ ಬಿಸಿಲಿಗೆ ಎಳ್ಕೊಂಡು ಹೋಗಿ ತೋರಿಸಿದ್ರು. ಪಾಪ, ದೇವದಾಸಣ್ಣನ ಮುಖ ಇಷ್ಟಾಯ್ತು.

"ನಾನು ಒಳ್ಳೇದಕ್ಕೇ ಹಾಕಿಸಿದ್ದು ಅಕ್ಕಾ."

"ಗೊತ್ತುಂಟು ಅಣ್ಣಾ. ನಾನೂ ಒಳ್ಳೇದಕ್ಕೇ ಹಿಂಡಿ ಹಾಕಿದ್ದು. ಈಗ ಆ ಶೀಟ್ ತೆಗೆಸಿ. ಬೇರೆ ಎಂತದೂ ಹಾಕ್ಬೇಡಿ."

ಚೇರ್‌ಮನ್ನರಿಗೆ ತಡೀಲಿಲ್ಲ. "ಕ್ಯಾ ಮಜಾಕ್ ಹೈ, ತಮಾಷೆಯಾ ಇದು? ಮಾಡು ಬೇಕು ಅಂತ ಅತ್ತದ್ದೂ ನೀವೇ, ತೆಗೀರಿ ಅಂತ ಅಳೋದೂ ನೀವೇ! ನಾಳೆ ಮಳೆ ಬಂದು ಸೋರಿದ್ರೆ ಮತ್ತೆ ನಮ್ಮ ಬಾಗಿಲಿಗೆ!"

"ಈಗ ನಾನು ಅಳ್ತಾ ಇಲ್ಲ," ಅಂದ್ರು ಜಯಲತಕ್ಕ. ನಿಜ, ಕಣ್ಣು ಒಣಗಿತ್ತು. "ಆ ಮೂಲೆಯ ಕೆಳಗೆ ನನ್ನ ಬೆಡ್‌ರೂಮ್ ಮಾತ್ರ. ಅಲ್ಲಿ ಟೆರೇಸಿಗೆ ತಾಗಿ ಬೇರೆ ಯಾರ ರೂಮೂ ಇಲ್ಲ. ಸೋರಿದ್ರೆ ನನಗೆ. ನಾನು ಯಾರ ಬಾಗಿಲಿಗೂ ಬರೋದಿಲ್ಲ. ಎಲ್ಲರೆದುರು ಹೇಳ್ತಾ ಇದ್ದೇನೆ."

"ಮತ್ತೆ ಮುಂಡಪ್ಪಣ್ಣ?" ವಿನೋದಕ್ಕನಿಗೆ ಕೇಳದೆ ಇರ್ಲಿಕ್ಕೆ ಆಗ್ಲಿಲ್ಲ.

"ಅಡಿಗೆಮನೆಯಲ್ಲಿ ಮಲಗ್ತಾರೆ."

ನೀವು ಅವರ ಅಡಿಗೆಮನೆ ನೋಡಿಲ್ಲ. ಮಂಚ ಇಟ್ರೆ ಗ್ಯಾಸ್ ಮುಂದೆ ನಿಲ್ಲೋ ಜಾಗ ಹೋಗ್ತದೆ, ಅಡ್ಡ ಕಾಲಲ್ಲಿ ನಿಂತು ಬೇಯಿಸಬೇಕು. ಹಾಲಲ್ಲಿ ಇಡುವ ಅಂದ್ರೆ ಹಾಲ್ ಅಂತ ಅಲ್ಲಿ ಇಲ್ಲವೇ ಇಲ್ಲ, ಬಾಗಿಲು ತೆಗೆದ್ರೆ ಅಡಿಗೆಮನೆ, ಅದರಾಚೆ ಬೆಡ್‌ರೂಮ್. ಅಂದ್ರೆ ಇದ್ದ ಮನೆಯಲ್ಲಿ ಅರ್ಧ ಮನೆಯನ್ನು ಮಳೆಗೆ ಬರೆದುಕೊಟ್ಟ ಹಾಗೆ. ಅದೇ ಸಂಜೆ ಶೀಟ್ ಇಳೀತು.

ಕತ್ತರಿಸೋ ದಿನ ನಾನೂ ಇದ್ದೆ. ಎಲ್ಲರೂ ಹೊಗಳಿದ ಆ ಉದ್ದ ಕೊಂಬೆಗಳನ್ನು ಒಂದೊಂದಾಗಿ ತೆಗೆದ್ರು. "ಹುಡುಕಿದ್ದು ಸಾಕು, ಸಾಕು" ಅನ್ನೋದು, ಕತ್ತರಿ ಒತ್ತೋದು. ಕೊನೆಗೆ ಡ್ರಮ್ಮುಗಳಲ್ಲಿ ಬೆರಳುದ್ದದ ಮೋಟು ಕಡ್ಡಿಗಳು. ಮೇಲೆ ಖಾಲಿ ಆಕಾಶ. ಫೆಬ್ರವರಿಯಲ್ಲಿ ಒಂದೊಂದೇ ಡ್ರಮ್ ಅಲ್ಲಾಡಿಸಿ ನೋಡಿದ್ರೆ ಗಿಡ ಕೈಗೇ ಬರೋದು, ಬೇರು ಲೊಳಲೊಳ. ಅರ್ಧಕ್ಕಿಂತ ಹೆಚ್ಚು ಹೋದವು. ಮದುವೆ ಸೀಸನ್ ಕಣ್ಣೆದುರೇ ಶುರುವಾಯ್ತು, ಬಸ್ಸಿನ ಮಲ್ಲಿಗೆ ಬಂತು, ಇವರು ಕಿವುಡರ ಹಾಗೆ ಕೂತಿದ್ರು. ವಾಶಿಯಿಂದ ಫೋನ್ ಬಂದಾಗೆಲ್ಲ "ಇನ್ನೊಂದು ವಾರ" ಅನ್ನೋದು. ಸುಗುಣಾ ಸಿಟ್ಟಲ್ಲಿ "ಅತ್ತಿಗೆ, ಕಡ್ಡಿ ನೋಡಿ ಹೊಟ್ಟೆ ತುಂಬ್ತದಾ?" ಅಂದ್ರು. ತುಂಬ್ತಿರಲಿಲ್ಲ. ಜಯಲತಕ್ಕನ ಕಾಲರ್ ಬೋನ್ ಎದ್ದು ಕಾಣ್ತಿತ್ತು. ಅಮ್ಮ ಏನಾದ್ರೂ ಕಳಿಸಿದ್ರೆ ಮುಂಡಪ್ಪಣ್ಣನ ಬಾಯಿಗೆ ಹೋಗೋದು.

ಚಿಗುರು ಬಂತು. ಚಿಕ್ಕದು, ದಪ್ಪ, ಕಡು ಹಸಿರು, ಕಣ್ಣಿಗೆ ಮೋಸ ಮಾಡದ ಹಸಿರು. ಏಪ್ರಿಲ್ ಕೊನೆಗೆ ಮೊಗ್ಗು. ಎಲ್ಲಾ ಸೇರಿಸಿದ್ರೆ ಒಂದು ಚೆಂಡೂ ಆಗ್ತಿರಲಿಲ್ಲ. ವರ್ತಕ ನಗರದ ಒಬ್ಬರು ಅಷ್ಟನ್ನೇ ತಗೊಂಡು ಹೋದ್ರು, ಸೀಮಂತಕ್ಕೆ. ಮರುದಿನ ಇನ್ನೂ ಸ್ವಲ್ಪ ಜಾಸ್ತಿ. ವಾಶಿಯವರಿಗೆ ಜಯಲತಕ್ಕ "ಬರೋದಿಲ್ಲ" ಅಂದ್ರು. ಅವರು ಯಾಕೆ ಅಂತ ಕೇಳಿರಬೇಕು, ಇವರು ಹೇಳಿದ್ರು, "ಇಲ್ಲಿ ಬಿಸಿಲು ಉಂಟು. ಮಳೆ ಬರೋವರೆಗೆ ಉಂಟು."

ಮಳೆ ಬಂತು. ಜೂನಲ್ಲಿ, ಎರಡು ದಿನ ಬಿಡದೆ. ನಾನು ಚಹಾಪುಡಿ ಕೇಳ್ಲಿಕ್ಕೆ ಮೇಲೆ ಹೋದ್ರೆ ಬೆಡ್‌ರೂಮಿನ ಬಾಗಿಲ ಕೆಳಗೆ ಬಟ್ಟೆ ತುರುಕಿದ್ದಾರೆ, ಒಳಗೆ ನೀರು ಸುರಿಯೋ ಶಬ್ದ ಬಚ್ಚಲುಮನೆ ಹಾಗೆ. ಈಚೆ ಅಡಿಗೆಮನೆಯಲ್ಲಿ ಮಂಚ, ಮಂಚದಲ್ಲಿ ಮುಂಡಪ್ಪಣ್ಣ ಒಣಗಿದ ಹೊದಿಕೆಯಲ್ಲಿ, ಕಣ್ಣು ಮುಚ್ಚಿಕೊಂಡು ಆ ಶಬ್ದ ಕೇಳ್ತಾ ಇದ್ರು. ಅಷ್ಟು ಹೊತ್ತಿಗೆ ದೇವದಾಸಣ್ಣ ಬಂದ್ರು, ಕೊಡೆ ಸೋರ್ತಾ, ಕಂಕುಳಲ್ಲಿ ನೀಲಿ ಟಾರ್ಪಾಲು.

"ಅಕ್ಕಾ, ನೀವು ಕೇಳಿಲ್ಲ, ನಾನೇ ತಂದದ್ದು. ಮಳೆ ನಿಲ್ಲೋವರೆಗೆ ಮೂಲೆಗೆ ಕಟ್ಟುವಾ. ಗಿಡಕ್ಕೆ ನಾಲ್ಕು ದಿನದಲ್ಲಿ ಎಂತ ಆಗ್ತದೆ?"

ಜಯಲತಕ್ಕ ಅಡ್ಡ ಕಾಲಲ್ಲಿ ನಿಂತು ಚಹಾ ಸೋಸ್ತಾ ಇದ್ರು. ತಿರುಗಲೇ ಇಲ್ಲ.

"ಮಳೆಗಾಲದಲ್ಲಿ ಮೋಡದ ಮಧ್ಯೆ ಸಿಗೋದೇ ಚೂರು ಬಿಸಿಲು ಅಣ್ಣಾ. ಅದನ್ನೂ ಮುಚ್ಚಬೇಕಾ? ಕಾಲು ಒರೆಸಿ ಒಳಗೆ ಬನ್ನಿ, ಚಹಾ ಕುಡೀರಿ. ಆ ರೂಮಿನ ಕಡೆ ಹೋಗ್ಬೇಡಿ, ಜಾರ್ತದೆ."